ಮೆಟ್ಟಿಲಿಲ್ಲದ ಮನೆ

ಫೆಬ್ರವರಿ 21

ಪ್ರೀತಿಯ ಭಾವಮೈದನಿಗೆ,

ಈ ಕಾಗದ ನಿನ್ನ ಕೈಗೆ ಸಿಕ್ಕಿದೆ ಎಂದರೆ ನೀನು ಹಡಗಿನಿಂದ ನಿನ್ನ ಬೈಕು ಬಿಡಿಸಿಕೊಂಡು ಮೊದಲ ಗೆಸ್ಟ್‌ಹೌಸ್ ತಲುಪಿದ್ದೀಯ. ಕಂಡು ಕೇಳದ ಊರಿನಲ್ಲಿ ಕೌಂಟರಿನ ಹೆಂಗಸು ನಿನ್ನ ಹೆಸರಿನ ಲಕೋಟೆ ಚಾಚಿದಾಗ ನಿನ್ನ ಮುಖ ಹೇಗಾಗಿರಬಹುದು ಎಂದು ಇಲ್ಲಿ ಅಂಗಡಿಯಲ್ಲಿ ಕುಳಿತು ಒಬ್ಬನೇ ನಗುತ್ತಿದ್ದೇನೆ. ಕನ್ನಡಕದ ಅಳತೆಗೆ ಬಂದ ಗಿರಾಕಿಯೊಬ್ಬರು ನನ್ನನ್ನು ಒಂದು ಥರಾ ನೋಡಿದರು.

ಫೋನಿರುವಾಗ ಕಾಗದ ಯಾಕೆ ಎಂದು ಕೇಳುತ್ತೀಯ. ನಿನಗೆ ಮನೆ ಹುಡುಕುವ ಕೆಲಸ ಒಪ್ಪಿಕೊಂಡ ಮೇಲೆ ನನಗೊಂದು ಸಂಗತಿ ಗೊತ್ತಾಯಿತು. ಫೋಟೋದಲ್ಲಿ ಎಲ್ಲ ಮನೆಗಳೂ ಚೆಂದವೇ. ಪಾರ್ಕಿಂಗ್ ಇದೆಯೇ ಎಂದರೆ ಎಲ್ಲರೂ ಇದೆ ಎನ್ನುತ್ತಾರೆ, ಹೋಗಿ ನೋಡಿದರೆ ಚರಂಡಿ ಪಕ್ಕದ ಬೀದಿ. ಅದಕ್ಕೇ ನಾನು ಫೋನಿಡುವ ಮುಂಚೆ ಒಂದು ಮಾತು ಕೇಳುತ್ತೇನೆ: ಬರುವ ಅತಿಥಿಗೆ ಕಾಗದ ಕಳಿಸುತ್ತೇನೆ, ಅವನು ಬರುವ ತನಕ ಇಟ್ಟುಕೊಂಡಿರುತ್ತೀರಾ? ತಕ್ಷಣ ಹೂಂ ಎಂದು ಹೆಸರು ಬರೆದುಕೊಂಡವರು ಗಾಡಿಯನ್ನೂ ನೋಡಿಕೊಳ್ಳುತ್ತಾರೆ. ‘ನೋಡೋಣ’ ಎಂದವರ ಸಹವಾಸವೇ ಬೇಡ. ನನ್ನ ಹರಕುಮುರುಕು ಇಂಗ್ಲಿಷಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಮಾಡಲು ಬರುವುದಿಲ್ಲ.

ಇನ್ನೊಂದು ಕಾರಣ ನಿನ್ನ ಅಕ್ಕ. ಫೋನಿನಲ್ಲಿ ನಿನ್ನ ದನಿ ಕೇಳಿಸಿದರೆ ಎದ್ದು ಒಳಗೆ ಹೋಗುತ್ತಾಳೆ. ಕಾಗದವಾದರೆ ಮೇಜಿನ ಮೇಲೆ ಬಿದ್ದಿರುತ್ತದೆ. ಅದಕ್ಕೆ ಯಾರೂ ಎದ್ದು ಹೋಗಬೇಕಾಗಿಲ್ಲ. ಆದ್ದರಿಂದ ನೀನೂ ಬರೆ, ನಿನ್ನ ಕಾಗೆಕಾಲು ಅಕ್ಷರದಲ್ಲೇ ಬರೆ.

ಎರಡು ವರ್ಷವಾಯಿತು ನೀವಿಬ್ಬರೂ ಮಾತಾಡಿ. ಅವತ್ತು ನಾವಿಬ್ಬರೂ ಸವಾರಿ ಹೋಗಿದ್ದ ದೂರದ ಊರಿನ ಲಾಡ್ಜಿನಲ್ಲಿ, ಗಾಡಿ ಬೀದಿಯಲ್ಲಿ ನಿಲ್ಲಬಾರದು, ಹಲಗೆ ಇಟ್ಟು ಮೆಟ್ಟಿಲು ಹತ್ತಿಸಿ ಒಳಗೇ ಮಲಗಿಸಬೇಕು ಎಂದು ನೀನು ಹಟ ಹಿಡಿದದ್ದು ನಿಜ. ಹಿಂದಿನಿಂದ ತಳ್ಳಿದ್ದು ನಾನು. ಹಲಗೆ ಜಾರಿತು, ಗಾಡಿ ನನ್ನ ಮಂಡಿಯ ಮೇಲೆ ಬಂತು. ತಳ್ಳು ಎಂದು ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ. ನನ್ನ ಮಟ್ಟಿಗೆ ಆ ಕಥೆ ಮುಗಿದಿದೆ. ಅವಳು ಮಾತ್ರ ‘ಆ ಗಾಡಿ ಈ ಗೇಟಿನೊಳಗೆ ಬರಕೂಡದು’ ಅಂದವಳು ಅಂದಲ್ಲೇ ನಿಂತಿದ್ದಾಳೆ. ಗಾಡಿ ಬರಬಾರದು ಅಂದಳೇ ಹೊರತು ನೀನು ಬರಬಾರದು ಅನ್ನಲಿಲ್ಲ. ಆದರೆ ನಿನ್ನನ್ನೂ ಗಾಡಿಯನ್ನೂ ಬೇರೆ ಬೇರೆಯಾಗಿ ಕಂಡವರು ಯಾರಿದ್ದಾರೆ?

ಈ ಮನೆಯ ಅಂಗಳ ಸಿಮೆಂಟಿನದು, ಸಮತಟ್ಟು. ಗೇಟಿಗೆ ಬೀಗ ಹಾಕುತ್ತಾರೆ. ನಿನ್ನ ಕೋಣೆಯ ಕಿಟಕಿ ಅಂಗಳದ ಕಡೆಗಿದೆ, ಎದ್ದೆದ್ದು ನೋಡುವ ನಿನ್ನ ರೋಗಕ್ಕೆ ಅನುಕೂಲ. ಎಷ್ಟು ರಾತ್ರಿ ಇರುತ್ತಾರೆ ಎಂಬುದೇ ಎಲ್ಲ ಕಡೆಯೂ ಮೊದಲ ಪ್ರಶ್ನೆ. ಒಂದೇ ರಾತ್ರಿ ಎಂದ ಕೂಡಲೇ ದನಿ ಬಾಡಿಹೋಗುತ್ತದೆ. ಹಾಸಿಗೆಯ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಷ್ಟ ಅವರಿಗೆ ತಾನೆ ಗೊತ್ತು. ಇವರು ಮಾತ್ರ ಗೊಣಗಲಿಲ್ಲ.

ಹುಷಾರಾಗಿ ಓಡಿಸು.

ನಿನ್ನ ಭಾವ


ಮಾರ್ಚ್ 14

ಭಾವನವರಿಗೆ ನಮಸ್ಕಾರಗಳು.

ಕಾಗದ ಸಿಕ್ಕಿತು. ಕೌಂಟರಿನ ಹೆಂಗಸು ಅದನ್ನು ಕೀಲಿಕೈಗಳ ಹಲಗೆಗೆ ಸಿಕ್ಕಿಸಿ ಇಟ್ಟಿದ್ದರು. ಬಂದು ಹೋಗುವವರೆಲ್ಲ ನೋಡಿ ನೋಡಿ ನಾನು ಬರುವ ಹೊತ್ತಿಗೆ ಮನೆಮಂದಿಗೆಲ್ಲ ನನ್ನ ಹೆಸರು ಬಾಯಿಪಾಠ.

ಒಳ್ಳೆಯ ಮನೆ ಭಾವ. ಇಳಿದ ಕೂಡಲೇ ಯಜಮಾನ ಬಂದು ಸೈಡ್ ಸ್ಟ್ಯಾಂಡಿನ ಕೆಳಗೆ ಮರದ ತುಂಡು ಇಟ್ಟ. ಸಿಮೆಂಟಿಗೆ ಅದು ಬೇಕಾಗಿಯೇ ಇಲ್ಲ, ಆದರೂ ಇಟ್ಟ. ಬೈಕಿನವರನ್ನು ಕಂಡವನು ಎಂದು ಅಲ್ಲಿಗೇ ಗೊತ್ತಾಯಿತು. ನೆನೆದ ಜಾಕೆಟ್ಟು, ಬೂಟುಗಳನ್ನು ಬಾಯ್ಲರಿನ ಕೋಣೆಯಲ್ಲಿ ತೂಗುಹಾಕಿದರು, ಬೆಳಿಗ್ಗೆ ಹಪ್ಪಳದ ಹಾಗೆ ಒಣಗಿದ್ದವು. ಇಷ್ಟು ವರ್ಷ ಲಿಫ್ಟ್ ರಿಪೇರಿ ಮಾಡಿಕೊಂಡು ಮೇಲಕ್ಕೂ ಕೆಳಕ್ಕೂ ಹೋಗಿ ಬಂದವನಿಗೆ ನೇರ ರಸ್ತೆಯಲ್ಲಿ ದಿನವಿಡೀ ಮುಂದಕ್ಕೇ ಹೋಗುವುದು ಹೊಸದು. ಕಂಪನಿಯವರು ಕೊಟ್ಟ ರಜೆ ಮುಗಿಯುವುದರೊಳಗೆ ಈ ರುಚಿ ಬಿಟ್ಟುಹೋದರೆ ಸಾಕು.

ಮಂಡಿ ಹೇಗಿದೆ? ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಎಲ್ಲರೂ ಎಂದರೆ ಇರುವುದೇ ಇಬ್ಬರು ಎಂದು ನನಗೂ ಗೊತ್ತು.

ನಿಮ್ಮ ಭಾವಮೈದ


ಏಪ್ರಿಲ್ 7

ಭಾವನವರಿಗೆ ನಮಸ್ಕಾರಗಳು.

ಈ ಸಲ ನಿಮ್ಮನ್ನು ಸ್ವಲ್ಪ ಬೈಯಬೇಕು. ದೊಡ್ಡವರು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಎರಡನೆಯ ಮನೆಗೆ ಹೋಗುವ ದಾರಿ ಎರಡು ಗೋಡೆಗಳ ನಡುವಿನ ಓಣಿ. ಅದರ ಕೊನೆಗೆ ಅಂಗಳ. ಓಣಿ ಎಷ್ಟು ಅಗಲ ಎಂದು ನೀವು ಕೇಳಿದ್ದಿರಿ, ಅವರು ಅಳೆದೇ ಹೇಳಿದ್ದರು, ಅದೂ ಸರಿಯೇ. ಹ್ಯಾಂಡಲ್ ಸಲೀಸಾಗಿ ಹೋಯಿತು. ಗಾಡಿಯ ಎರಡೂ ಪಕ್ಕದ ಸಾಮಾನಿನ ಪೆಟ್ಟಿಗೆಗಳು ಹೋಗಲಿಲ್ಲ. ನಿಮ್ಮ ಹಳೆಯ ಗಾಡಿಗೆ ಪೆಟ್ಟಿಗೆಗಳೇ ಇರಲಿಲ್ಲವಲ್ಲ, ನೀವು ಹ್ಯಾಂಡಲಿನ ಲೆಕ್ಕದಲ್ಲೇ ಇದ್ದಿರಿ. ಓಣಿಯ ಅರ್ಧಕ್ಕೆ ಹೋಗಿ ಬಿರಡೆಯ ಹಾಗೆ ಕಚ್ಚಿಕೊಂಡೆ. ಮುಂದಕ್ಕಿಲ್ಲ, ಹಿಂದಕ್ಕಿಲ್ಲ, ಇಳಿಯೋಣ ಎಂದರೆ ಕಾಲು ಚಾಚಲು ಜಾಗವಿಲ್ಲ. ಹಿಂದೆ ತರಕಾರಿ ಚೀಲ ಹಿಡಿದ ಹೆಂಗಸು, ಮುಂದೆ ನಾಯಿ ಹಿಡಿದ ಮುದುಕ. ಇಬ್ಬರೂ ಅವರ ಭಾಷೆಯಲ್ಲಿ ನನಗೆ ದಾರಿ ಹೇಳುತ್ತಿದ್ದರು. ಕೊನೆಗೆ ಸೀಟಿನ ಮೇಲೆ ಮಂಡಿಯೂರಿ, ತಿರುಗಿ, ಹಿಂದಕ್ಕೆ ಬಗ್ಗಿ ಪೆಟ್ಟಿಗೆಯ ಕೊಂಡಿ ಬಿಚ್ಚಬೇಕಾಯಿತು. ನಾಯಿಗೆ ಅದು ಬಹಳ ಹಿಡಿಸಿತು.

ಗೋಡೆಯ ಸುಣ್ಣ ಎರಡೂ ಪೆಟ್ಟಿಗೆಗೆ ಬಳಿದುಕೊಂಡಿದೆ. ಮನೆಯವರು ಒಳ್ಳೆಯವರು, ಗೋಡೆ ಕೆರೆದದ್ದಕ್ಕೆ ಬೈಯಲಿಲ್ಲ, ನಿಮ್ಮ ಕಾಗದವನ್ನೂ ಜೋಪಾನವಾಗಿ ಕೊಟ್ಟರು. ನಿಮ್ಮ ಪರೀಕ್ಷೆ ಸರಿಯೇ, ಟೇಪು ಮಾತ್ರ ತಪ್ಪು.

ಇನ್ನು ಮುಂದೆ ಪೆಟ್ಟಿಗೆ ಸಮೇತ ಕೇಳಿ.

ನಿಮ್ಮ ಭಾವಮೈದ


ಏಪ್ರಿಲ್ 26

ಪ್ರೀತಿಯ ಬಿರಡೆ ಮಹಾಶಯನಿಗೆ,

ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದೆ. ಓದಿದ್ದು ಗೋಡೆಗೆ. ಅಡುಗೆಮನೆಯ ಬಾಗಿಲು ತೆರೆದಿತ್ತು, ಅದು ನನ್ನ ತಪ್ಪಲ್ಲ. ನೀನು ಸೀಟಿನ ಮೇಲೆ ಮಂಡಿಯೂರಿದ ಕಡೆ ಪಾತ್ರೆಯ ಸದ್ದು ನಿಂತಿತು. ನಾಯಿಗೆ ಹಿಡಿಸಿತು ಎಂಬಲ್ಲಿ ಒಂದು ಕೆಮ್ಮು ಬಂತು. ಆ ಕೆಮ್ಮನ್ನು ನಾನು ಮದುವೆಯಾದಾಗಿನಿಂದ ಬಲ್ಲೆ, ನಗು ತಡೆದಾಗಲೇ ಅವಳು ಹಾಗೆ ಕೆಮ್ಮುವುದು.

ಕಾಗದ ಮಡಿಸಿಟ್ಟ ಮೇಲೆ ಒಳಗಿನಿಂದ ಮಾತು ಬಂತು. ನನಗಲ್ಲ, ಒಲೆಗೆ ಹೇಳಿದ್ದು: “ಒಂದು ಕೇಳಿದ್ರೆ ಒಂದಕ್ಕೇ ಉತ್ತರ ಬರೋದು. ಕೇಳೋಕೆ ಬರದೋರು ಕೇಳೋಕೆ ಹೋಗ್ಬಾರ್ದು.”

ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕುಳಿತವಳು ಬೇರೇನು ಹೇಳುತ್ತಾಳೆ? ‘ಬಸ್ ಇದೆಯಾ’ ಎಂದರೆ ‘ಇದೆ’ ಎಂದು ಸುಮ್ಮನಾಗುವವಳು ಅವಳು. ಎಷ್ಟು ಹೊತ್ತಿಗೆ, ಎಲ್ಲಿ ನಿಲ್ಲುತ್ತದೆ, ಸೀಟು ಸಿಗುತ್ತದೆಯೇ ಎಂದು ಕೇಳುವವರು ಬೇರೆಯಾಗಿ ಕೇಳಬೇಕು. ನಾನು ಓಣಿಯ ಅಗಲ ಕೇಳಿದೆ, ಅಗಲ ಹೇಳಿದರು. ಅವರ ತಪ್ಪೇನಿಲ್ಲ.

ಮಾರನೆಯ ದಿನ ನಾನು ಮುಂದಿನ ಮನೆಗೆ ಫೋನು ಮಾಡುವಾಗ ಅವಳು ಬೆನ್ನು ತಿರುಗಿಸಿ ಬಟ್ಟೆ ಮಡಿಸುತ್ತಿದ್ದಳು. ಎದ್ದು ಹೋಗಲಿಲ್ಲ, ಅದು ಗಮನಿಸು. ಮಡಿಸಿದ ಟವಲನ್ನೇ ಬಿಚ್ಚಿ ಮತ್ತೆ ಮಡಿಸಿದಳು. ಬಾಗಿಲಲ್ಲಿ ಮೆಟ್ಟಿಲಿದೆಯೇ ಎಂದು ಕೇಳಲು ನಾನು ಮರೆತೆ. “ಮೆಟ್ಲು” ಎಂದಳು, ಅಷ್ಟೇ. ನಾನು ಕೇಳಿದೆ. ಇಲ್ಲ ಎಂದರು.

ಈ ಕಾಗದ ಸಿಗುವ ಮನೆ ಅದೇ. ಯಜಮಾನ ಕ್ಷೌರಿಕನಂತೆ. ಕೆಳಗೆ ಅಂಗಡಿ, ಮೇಲೆ ಕೋಣೆಗಳು. ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂದರೆ ‘ಒಳಗೆ’ ಎಂದ. ಯಾವ ಒಳಗೆ ಎಂದು ತಿಳಿಯಲಿಲ್ಲ, ಹೋಗಿ ನೋಡಿ ಬರೆ.

ಮಂಡಿ ಹಾಗೇ ಇದೆ. ಬಗ್ಗುವುದಿಲ್ಲ, ಅದೊಂದು ಬಿಟ್ಟರೆ ಬಹಳ ವಿನಯವಂತ. ಗಾಡಿ ಹತ್ತುವ ಆಸೆ ಆಗಾಗ ಬರುತ್ತದೆ. ಹಳೆಯ ಗಾಡಿಯ ಹೊದಿಕೆ ತೆಗೆದು ಒರೆಸಿ ಮತ್ತೆ ಹೊದಿಸುತ್ತೇನೆ. ಆಗ ಸಮಾಧಾನವಾಗುತ್ತದೆ.

ನಿನ್ನ ಭಾವ


ಮೇ 18

ಭಾವನವರಿಗೆ ನಮಸ್ಕಾರಗಳು.

ಒಳಗೆ ಎಂದರೆ ಅಂಗಡಿಯೊಳಗೇ. ಎರಡು ಕುರ್ಚಿಗಳ ಪಕ್ಕ ಮೂರನೆಯ ಗಿರಾಕಿಯ ಹಾಗೆ ನನ್ನ ಗಾಡಿ ಕನ್ನಡಿಗೆ ಮುಖ ಮಾಡಿ ನಿಂತಿದೆ. ಬೆಳಿಗ್ಗೆ ಇಳಿದು ಬಂದರೆ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಮನುಷ್ಯ ಅದರ ಟ್ಯಾಂಕಿನ ಮೇಲೆ ಪೇಪರು ಹರಡಿಕೊಂಡು ಓದುತ್ತಿದ್ದ. ಬಾಗಿಲಿಗೆ ಮೆಟ್ಟಿಲಿಲ್ಲ. ಬಾಗಿಲು ಪೆಟ್ಟಿಗೆ ಸಮೇತ ಹಿಡಿಸುತ್ತದೆ.

ಇಲ್ಲಿಗೆ ಬಂದ ದಿನ ದಾರಿಯಲ್ಲಿ ಪಂಕ್ಚರ್ ಆಗಿ ಹೇಳಿದ ಹೊತ್ತಿಗೆ ತಲುಪಲಾಗಲಿಲ್ಲ. ಮಳೆಯೂ ಹಿಡಿಯಿತು. ಬಂದಾಗ ಕ್ಷೌರಿಕ ಅಂಗಡಿಯ ಮುಂದೆ ಕೊಡೆ ಹಿಡಿದು ನಿಂತಿದ್ದ. ನಾನು ಹೆಸರು ಹೇಳುವ ಮೊದಲೇ ಒಳಗೆ ಹೋಗಿ ಫೋನು ತಿರುಗಿಸಿ ಯಾರಿಗೋ ‘ಬಂದ, ಬಂದ’ ಎಂದ. ಯಾರಿಗೆ ಎಂದು ಕೇಳಿದೆ. ನಿನ್ನ ಮನೆಯಿಂದ ಒಬ್ಬ ಹೆಂಗಸು ಫೋನು ಮಾಡುತ್ತಲೇ ಇದ್ದಾಳೆ ಎಂದ.

ಭಾವ, ನಿಮ್ಮ ದನಿ ಯಾವಾಗ ಹೆಣ್ಣಾಯಿತು?

ಆ ಹೆಂಗಸು ಏನು ಕೇಳಿದರು ಎಂದೂ ವಿಚಾರಿಸಿದೆ. ನೆನೆದು ಬಂದರೆ ಬಿಸಿನೀರು ಸಿಗುತ್ತದೆಯೇ, ಊಟ ತೆಗೆದಿಡುತ್ತೀರಾ, ಬರುವ ತನಕ ಯಾರಾದರೂ ಎದ್ದಿರುತ್ತೀರಾ. ಗಾಡಿಯ ಬಗ್ಗೆ ಒಂದೂ ಪ್ರಶ್ನೆ ಇಲ್ಲ. ಅವನಿಗೆ ಅದೇ ಆಶ್ಚರ್ಯ. ಇಲ್ಲಿಗೆ ಬರುವ ಬೈಕಿನವರ ಕಡೆಯಿಂದ ಯಾರೇ ಫೋನು ಮಾಡಿದರೂ ಮೊದಲು ಕೇಳುವುದು ಗಾಡಿಯನ್ನೇ ಅಂತೆ.

ಸೂಪು ಬಿಸಿಯಾಗಿತ್ತು. ನಾನು ಅರ್ಧಕ್ಕೇ ಬಿಟ್ಟು, ಆ ಹೆಂಗಸು ಕೇಳಿದ್ದನ್ನು ಅವನ ಬಾಯಿಂದ ಇನ್ನೊಮ್ಮೆ ಹೇಳಿಸಿದೆ. ಕ್ಷೌರಿಕ ರುಚಿ ಹಿಡಿಸಲಿಲ್ಲವೇನೋ ಎಂದುಕೊಂಡ. ಅಲ್ಲ, ಕಾರಣ ಬೇರೆ ಎಂದು ಬಿಡಿಸಿ ಹೇಳಲು ನಮ್ಮಿಬ್ಬರ ಹರಕು ಇಂಗ್ಲಿಷ್ ಸಾಲಲಿಲ್ಲ.

ನಿಮ್ಮ ಭಾವಮೈದ


ಜೂನ್ 4

ಪ್ರೀತಿಯ ಭಾವಮೈದನಿಗೆ,

ನನಗೇನೂ ಗೊತ್ತಿಲ್ಲ. ನಾನು ಅವತ್ತು ಅಂಗಡಿಯಲ್ಲಿದ್ದೆ. ಹೀಗೆಂದು ಬರೆಯಬೇಕೆಂದು ನನಗೆ ಅಪ್ಪಣೆಯಾಗಿದೆ, ಬರೆದಿದ್ದೇನೆ.

ಇನ್ನು ಅಪ್ಪಣೆಯಾಗದ್ದನ್ನು ಬರೆಯುತ್ತೇನೆ. ನಿನ್ನ ಕಾಗದ ಬಂದ ಸಂಜೆ ನಾನು ತಡೆಯದೆ ಕೇಳಿಬಿಟ್ಟೆ: ಕದ್ದು ಫೋನು ಮಾಡುವಷ್ಟು ಕಾಳಜಿ ಇದ್ದರೆ ಮಾತಾಡಲು ಏನು ಅಡ್ಡಿ, ಮಂಡಿ ನನ್ನದು, ನಾನೇ ಬಿಟ್ಟಿರುವಾಗ ನಿನ್ನದೇನು ಎಂದೆ. ಅವಳು ಸೋಸುತ್ತಿದ್ದ ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟಳು. ಆಮೇಲೆ ಹೇಳಿದಳು. ಅವಳ ಮಾತಿನಲ್ಲೇ ಬರೆಯುತ್ತೇನೆ, ನನ್ನದು ಸೇರಿಸುವುದಿಲ್ಲ.

“ಮಂಡಿ ನಿಮ್ದು, ಬಿಡೋದು ನಿಮ್ಗೆ ಸೇರಿದ್ದು. ನಾನು ಮೂರು ಬಸ್ ಬದಲಾಯ್ಸಿ ಆ ಆಸ್ಪತ್ರೆಗೆ ಹೋದೆ. ನೀವು ಬದುಕಿದೀರೋ ಇಲ್ವೋ ಅಂತಾನೂ ನಂಗೆ ಸರಿಯಾಗಿ ಹೇಳಿರ್ಲಿಲ್ಲ. ಬಾಗಿಲಲ್ಲೇ ಅವನು ನಿಂತಿದ್ದ. ನನ್ನ ನೋಡಿ ಏನಂದ ಗೊತ್ತಾ? ಗಾಡಿಗೇನೂ ಆಗಿಲ್ಲ ಅಕ್ಕಾ, ಒಳಗೆ ನಿಲ್ಸಿದೀನಿ, ಅಂದ. ಮೊದಲು ಬಂದ ಮಾತೇ ಅದು.”

ಇದು ನನಗೆ ಗೊತ್ತಿರಲಿಲ್ಲ. ನಾನು ಆಗ ಒಳಗೆ ಮಂಪರಿನಲ್ಲಿದ್ದೆ. ಹೆದರಿದವನ ಬಾಯಿಗೆ ಏನೋ ಬರುತ್ತದೆ, ಅದಕ್ಕೆ ಅರ್ಥ ಹಚ್ಚಬಾರದು ಎಂದು ನಿನ್ನ ಪರವಾಗಿ ವಾದ ಮಾಡಿದೆ. ಅವಳು ಎದ್ದು ಹೋಗಿ ಕುಕ್ಕರ್ ಇಟ್ಟಳು. ಕುಕ್ಕರ್ ಕೂಗುವಾಗ ವಾದ ಮಾಡಲು ಆಗುವುದಿಲ್ಲ ಎಂದು ಅವಳಿಗೆ ಗೊತ್ತು.

ನಿನ್ನ ಮನಸ್ಸು ನೋಯಿಸಲು ಬರೆಯಲಿಲ್ಲ. ಜಗಳ ಮಂಡಿಯದು ಎಂದು ನಾವಿಬ್ಬರೂ ತಿಳಿದಿದ್ದೆವು, ಅದು ಮಂಡಿಯದಲ್ಲ. ಅಷ್ಟು ನಿನಗೆ ತಿಳಿದಿರಲಿ.

ಈ ಮನೆ ಕೆರೆಯ ದಂಡೆಯಲ್ಲಿದೆ. ಅಂಗಳದಲ್ಲಿ ಜಲ್ಲಿ ಹಾಸಿದ್ದಾರಂತೆ. ಸ್ಟ್ಯಾಂಡ್ ಹೂತುಹೋಗುತ್ತದೆ, ಹಲಗೆಚೂರು ಕೇಳಿ ಇಸಿದುಕೊ. ಕಾಗದ ಇಟ್ಟುಕೊಳ್ಳುವ ವಿಷಯದಲ್ಲಿ ಯಜಮಾನನ ದನಿ ತುಂಬಾ ಚೆನ್ನಾಗಿತ್ತು.

ನಿನ್ನ ಭಾವ


ಜೂನ್ 27

ಭಾವನವರಿಗೆ ನಮಸ್ಕಾರಗಳು.

ಮೊದಲು ಮನೆಯೊಡತಿಯ ವಿಷಯ. ಅಜ್ಜಿ ಚೆನ್ನಾಗಿದ್ದಾರೆ, ಎಲ್ಲೂ ಒಂದು ಗೀರೂ ಆಗಿಲ್ಲ. ನಾನೂ ಚೆನ್ನಾಗಿದ್ದೇನೆ. ಗಾಡಿಯ ವಿಷಯ ಆಮೇಲೆ ಹೇಳುತ್ತೇನೆ.

ಕೆರೆದಂಡೆಯ ಮನೆಯ ಗೇಟಿಗೆ ಬೀಗ ಹಾಕಿತ್ತು. ಯಜಮಾನನಿಗೆ ಹಿಂದಿನ ದಿನವೇ ಹೊಟ್ಟೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು, ಆಪರೇಷನ್ ಅಂತೆ; ಇಲ್ಲಿಯ ಸಂಗತಿಗಳೆಲ್ಲ ಆಮೇಲೆ ಇಂಗ್ಲಿಷ್ ಬಲ್ಲ ನೆರೆಯವರಿಂದ ತಿಳಿದದ್ದು. ಮಳೆ ಸುರಿಯುತ್ತಿತ್ತು. ನಾನು ಗೇಟಿನ ಮುಂದೆ ನಿಂತಿರುವುದನ್ನು ನೋಡಿ ಎದುರು ಮನೆಯ ಅಜ್ಜಿ ಕೈ ಬೀಸಿ ಕರೆದರು. ಹಿಂದೆ ಹೊಲಿಗೆಯ ಕೆಲಸ ಮಾಡುತ್ತಿದ್ದವರಂತೆ, ಈಗ ಕಣ್ಣು ಸಾಲದು. ಒಂದು ಕೋಣೆ ಖಾಲಿ ಇದೆ, ಉಳಿಯಬಹುದು ಎಂದು ಕೈಸನ್ನೆಯಲ್ಲೇ ತಿಳಿಸಿದರು. ನಾನು ಇಳಿದು ನೋಡಿದರೆ ಬಾಗಿಲಿಗೆ ಎತ್ತರದ ಮೆಟ್ಟಿಲುಗಳು. ಅಂಗಳವೆಂಬುದು ಇಲ್ಲ, ಮನೆ ನೇರವಾಗಿ ರಸ್ತೆಗೇ ಬಂದು ನಿಂತಿದೆ.

ನಾನು ಗಾಡಿಯನ್ನೂ ರಸ್ತೆಯನ್ನೂ ನೋಡುತ್ತಿದ್ದದ್ದು ಅಜ್ಜಿಗೆ ಅರ್ಥವಾಯಿತು. ಒಳಗೆ ಹೋಗಿ ಒಂದು ಉದ್ದನೆಯ ಹಲಗೆಯನ್ನು ಎಳೆದುಕೊಂಡು ಬಂದು ಮೆಟ್ಟಿಲ ಮೇಲೆ ಹಾಸಿದರು. ಸೆರಗಿನಂಥ ಶಾಲನ್ನು ಸೊಂಟಕ್ಕೆ ಬಿಗಿದುಕೊಂಡು ಗಾಡಿಯ ಹಿಂದೆ ಹೋಗಿ ನಿಂತರು. ನೀನು ಎಳೆ, ನಾನು ತಳ್ಳುತ್ತೇನೆ ಎನ್ನುವ ಹಾಗೆ ತಲೆಯಾಡಿಸಿದರು.

ಭಾವ, ನಾನು ಹ್ಯಾಂಡಲಿಗೆ ಕೈ ಹಾಕಲಿಲ್ಲ. ಹಲಗೆ ನೆನೆದು ಹೊಳೆಯುತ್ತಿತ್ತು. ಅಜ್ಜಿ ನಿಂತದ್ದು ನೀವು ನಿಂತ ಜಾಗದಲ್ಲೇ. ನಾನು ಹಲಗೆಯನ್ನು ಎತ್ತಿ ಒಳಗೆ ಇಟ್ಟುಬಂದೆ. ಗಾಡಿಯನ್ನು ರಸ್ತೆಯ ಅಂಚಿಗೆ ನಿಲ್ಲಿಸಿ ದೀಪದ ಕಂಬಕ್ಕೆ ಸರಪಳಿ ಹಾಕಿದೆ. ಅಜ್ಜಿಗೆ ಬೇಸರವೇ ಆಯಿತು, ತನ್ನ ಶಕ್ತಿಯ ಮೇಲೆ ನನಗೆ ನಂಬಿಕೆಯಿಲ್ಲ ಎಂದುಕೊಂಡರು. ನನ್ನ ಕೋಣೆಯ ಕಿಟಕಿ ಹಿಂದುಗಡೆಗೆ ಇತ್ತು, ಎದ್ದು ನೋಡುವ ಪ್ರಶ್ನೆಯೇ ಇರಲಿಲ್ಲ. ನಂಬುತ್ತೀರೋ ಇಲ್ಲವೋ, ಚೆನ್ನಾಗಿ ನಿದ್ದೆ ಬಂತು.

ಮಲಗುವ ಮುಂಚೆ, ಒಳಗೆ ಹೋಗಿ ಬಟ್ಟೆ ಬದಲಾಯಿಸಿದ ಮೇಲೆ, ಅಜ್ಜಿ ಕಪಾಟಿನಿಂದ ನಿಮ್ಮ ಕಾಗದ ತೆಗೆದುಕೊಟ್ಟರು. ಎದುರು ಮನೆಯ ಯಜಮಾನ ಆಸ್ಪತ್ರೆಗೆ ಹೊರಡುವಾಗ, ಅಂಥ ಹೊಟ್ಟೆನೋವಿನಲ್ಲೂ, ಅದನ್ನು ಇವರ ಕೈಗೆ ಕೊಟ್ಟು ಹೋಗಿದ್ದನಂತೆ. ಓದಿದೆ. ಅಕ್ಕ ಹೇಳಿದ್ದು ನಿಜ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಈಗ ಗಾಡಿ. ಬೆಳಿಗ್ಗೆ ಕಸದ ಲಾರಿ ಹಿಂದಕ್ಕೆ ಬರುವಾಗ ತಾಗಿಸಿ ಬೀಳಿಸಿಕೊಂಡು ಹೋಗಿದೆ. ಎಡಗನ್ನಡಿ ಪುಡಿ, ಕ್ಲಚ್ ಲಿವರ್ ಮುರಿದಿದೆ, ಒಂದು ಪೆಟ್ಟಿಗೆ ಅಪ್ಪಚ್ಚಿ. ಅಜ್ಜಿ ನೋಡಿ ಅತ್ತರು. ನಿನ್ನೆಯೇ ತಳ್ಳಿದ್ದರೆ ಹೀಗಾಗುತ್ತಿತ್ತೇ ಎಂದು ನನ್ನನ್ನು ಬೈದರು, ಬೈದದ್ದು ಎಂದು ಭಾಷೆ ಬಾರದಿದ್ದರೂ ಗೊತ್ತಾಯಿತು. ನನಗೆ ಅಳು ಬರಲಿಲ್ಲ. ಅಜ್ಜಿಯ ಕಾಲುಗಳನ್ನೇ ನೋಡುತ್ತಿದ್ದೆ. ದಪ್ಪ ಕಾಲುಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ಎರಡೂ ಕಾಲೂರಿ ಗಟ್ಟಿಯಾಗಿ ನಿಂತು ಬೈಯುತ್ತಿದ್ದರು. ಅದನ್ನು ನೋಡಿ ಬಹಳ ಸಂತೋಷವಾಯಿತು.

ಬಿಡಿಭಾಗಗಳು ಬರುವ ತನಕ ಇಲ್ಲೇ ಇರುತ್ತೇನೆ. ಅಜ್ಜಿಯ ಹೊಲಿಗೆ ಯಂತ್ರ ತುಕ್ಕು ಹಿಡಿದಿದೆ, ಅದನ್ನು ಬಿಚ್ಚಿ ಕುಳಿತಿದ್ದೇನೆ.

ನಿಮ್ಮ ಭಾವಮೈದ


ಜುಲೈ 16

ಭಾವನವರಿಗೆ ನಮಸ್ಕಾರಗಳು.

ಗಾಡಿ ಸರಿಯಾಯಿತು. ಕನ್ನಡಿ ಬೇರೆ ಯಾವುದೋ ಗಾಡಿಯದು, ಹಾಗಾಗಿ ಎಡಗಡೆಯ ಪ್ರಪಂಚ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ನಿಮ್ಮ ಕಸುಬಿನವರು ನೋಡಿದರೆ ನಂಬರು ಹೇಳುತ್ತೀರಿ. ಇದಾದ ಮೇಲೆ ನಿಮ್ಮಿಂದ ಕಾಗದ ಬರಲಿಲ್ಲ. ಮಧ್ಯದ ಊರುಗಳಲ್ಲಿ ನಾನೇ ಮನೆ ನೋಡಿಕೊಂಡೆ. ಒಂದು ಕಡೆ ಕೋಳಿಗೂಡಿನ ಪಕ್ಕ ನಿಲ್ಲಿಸಿ ಸೀಟು ಒರೆಸುವಷ್ಟರಲ್ಲಿ ಸಾಕುಬೇಕಾಯಿತು.

ಮುಂದಿನ ತಿಂಗಳು ಹಡಗಿಗೆ ಗಾಡಿ ಏರಿಸುತ್ತೇನೆ. ಅಲ್ಲಿಯವರೆಗೆ ನೀವೇ ಮೊದಲು ಗೊತ್ತು ಮಾಡಿದ ಬಂದರಿನ ಗೆಸ್ಟ್‌ಹೌಸಿನಲ್ಲಿ ಇರುತ್ತೇನೆ, ಅದೇ ಕೌಂಟರಿನ ಹೆಂಗಸು. ನೀವು ಬರೆದರೆ ಅಲ್ಲಿಗೇ ಬರೆಯಿರಿ.

ಒಂದು ಕೊನೆಯ ಕೆಲಸ ಉಳಿದಿದೆ. ನಮ್ಮ ದೇಶದಲ್ಲಿ ಹಡಗಿಳಿದ ಮೇಲೆ ನನ್ನ ಊರಿಗೆ ಒಂದೇ ದಿನದಲ್ಲಿ ಮುಟ್ಟಲಾಗುವುದಿಲ್ಲ. ನಡುವೆ ನಿಮ್ಮ ಊರಿನಲ್ಲಿ ಒಂದು ರಾತ್ರಿ ತಂಗಬೇಕು. ಬೈಕಿನವನನ್ನು ಇಟ್ಟುಕೊಳ್ಳುವ ಲಾಡ್ಜು ನಿಮ್ಮ ಊರಿನಲ್ಲಿ ಯಾವುದಾದರೂ ಇದ್ದರೆ ನೋಡಿ. ಮೆಟ್ಟಿಲಿದ್ದರೂ ನಡೆಯುತ್ತದೆ. ಗಾಡಿ ಹೊರಗೆ ನಿಲ್ಲುತ್ತದೆ.

ನಿಮ್ಮ ಭಾವಮೈದ


ಆಗಸ್ಟ್ 3

ಪುಟ್ಟಾ,

ನೀನು ಭಾವನಿಗೆ ಬರೆದ ಕಾಗದವನ್ನು ನಾನೇ ಒಡೆದೆ. ವಿಚಾರಣೆಗೆ ಉತ್ತರ ಕೊಡುವುದು ನನ್ನ ಕೆಲಸ, ಆದ್ದರಿಂದ ಉತ್ತರವನ್ನೂ ನಾನೇ ಬರೆಯುತ್ತಿದ್ದೇನೆ. ಅವರು ಪಕ್ಕದಲ್ಲಿ ಕುಳಿತು ಇಣುಕುತ್ತಿದ್ದಾರೆ. ಜೂನ್ ಕಾಗದಕ್ಕೆ ಅವರು ಉತ್ತರ ಬರೆಯದಿದ್ದದ್ದಕ್ಕೂ ನಾನೇ ಕಾರಣ. ಅದನ್ನು ನಾನು ಕೆಲಸದ ಚೀಲದಲ್ಲಿ ಹಾಕಿಕೊಂಡು ಓಡಾಡುತ್ತಿದ್ದೆ.

ನೀನು ಕೇಳಿದಂತೆ ಊರಿನ ಲಾಡ್ಜುಗಳನ್ನು ಕೆಲಸ ಮುಗಿಸಿ ಹೋಗಿ ನೋಡಿ ಬಂದೆ. ಬಸ್ ನಿಲ್ದಾಣದ ಎದುರಿನದಕ್ಕೆ ಪಾರ್ಕಿಂಗ್ ಎಂದರೆ ಫುಟ್‌ಪಾತು. ಪೇಟೆಯೊಳಗಿನದಕ್ಕೆ ಅಂಗಳವಿದೆ, ಆದರೆ ಇಳಿಜಾರು, ನಲ್ಲಿಯ ನೀರು ಸದಾ ಹರಿದು ಪಾಚಿ ಕಟ್ಟಿದೆ. ಇನ್ನೊಂದರ ಮ್ಯಾನೇಜರನಿಗೆ ಅತಿಥಿಗೆ ಕಾಗದ ಬಂದರೆ ಇಟ್ಟುಕೊಳ್ಳುತ್ತೀರಾ ಎಂದೆ. ‘ನೋಡೋಣ’ ಎಂದ. ಅಲ್ಲಿಗೆ ಅದೂ ಮುಗಿಯಿತು.

ಬೋರ್ಡಿಲ್ಲದ ಮನೆ ಒಂದಿದೆ. ಯಜಮಾನನಿಗೆ ಕನ್ನಡಕದ ಅಂಗಡಿ, ಮಾತು ಸ್ವಲ್ಪ ಹೆಚ್ಚು. ಗೇಟಿನ ಅಗಲಕ್ಕೆ ಅವರು ಹಳೆಯ ಗಾಡಿಯ ಎರಡೂ ಪಕ್ಕ ರಟ್ಟಿನ ಡಬ್ಬ ಕಟ್ಟಿ, ಕುಂಟಿಕೊಂಡು ತಾವೇ ಒಳಗೂ ಹೊರಗೂ ನೂಕಿ ನೋಡಿದ್ದಾರೆ. ಬೀದಿಯವರೆಲ್ಲ ನಿಂತು ನೋಡಿದರು. ಹಿಡಿಸುತ್ತದೆ. ಗೇಟಿಗೆ ಬೀಗವಿದೆ. ಹಿತ್ತಿಲ ತಗಡಿನ ಕೆಳಗೆ ಹಳೆಯ ಗಾಡಿಯ ಪಕ್ಕ ಜಾಗ ಬಿಡಿಸಿದ್ದೇನೆ, ನೆಲ ಸಿಮೆಂಟು, ಸಮತಟ್ಟು. ನೆನೆದು ಬಂದರೆ ಬಿಸಿನೀರು ಸಿಗುತ್ತದೆ. ಎಷ್ಟು ಹೊತ್ತಾದರೂ ಒಬ್ಬರು ಎದ್ದಿರುತ್ತಾರೆ.

ಮೆಟ್ಟಿಲಿಲ್ಲ. ಮೊದಲು ಇದ್ದವು, ನಿನಗೆ ಗೊತ್ತು, ಅವುಗಳ ಮೇಲೆಯೇ ಕುಳಿತು ನೀನು ಬೂಟು ಬಿಚ್ಚುತ್ತಿದ್ದದ್ದು. ಅವರನ್ನು ಆಸ್ಪತ್ರೆಯಿಂದ ಕರೆತಂದ ವಾರವೇ ಒಡೆಸಿ ಇಳಿಜಾರು ಮಾಡಿಸಿದೆ, ಅವರ ಕಾಲಿಗೆ ಅನುಕೂಲವಾಗಲಿ ಎಂದು. ಎರಡು ವರ್ಷದಿಂದ ಈ ಮನೆಗೆ ಯಾವ ಗಾಡಿಯನ್ನಾದರೂ ಒಬ್ಬನೇ ತಳ್ಳಿಕೊಂಡು ಬರಬಹುದಾಗಿತ್ತು. ಅದು ನನಗೆ ಹೊಳೆದದ್ದು ಮೊನ್ನೆ.

ನನಗೆ ನಿನ್ನ ಮೇಲೆ ಬಹಳ ಸಿಟ್ಟಿತ್ತು. ಇನ್ನೂ ಸ್ವಲ್ಪ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿನ್ನ ಜೂನ್ ಕಾಗದದ ಮೊದಲ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಕೌಂಟರಿನಲ್ಲಿ ಕುಳಿತು ಓದುವಾಗ ಯಾರೋ ಬಸ್ ಕೇಳಿದರು, ‘ಅಜ್ಜಿ ಚೆನ್ನಾಗಿದ್ದಾರೆ’ ಎಂದುಬಿಟ್ಟೆ. ಆ ಮನುಷ್ಯ ಒಳ್ಳೆಯದಾಯಿತು ಎಂದು ಹೇಳಿ ಹೋದ.

ಬಂದ ಕೂಡಲೇ ಗಾಡಿ ಎಲ್ಲಿ ನಿಲ್ಲಿಸಲಿ ಎಂದು ಕೇಳಬೇಡ. ಮೊದಲು ಭಾವನ ಹತ್ತಿರ ಹೋಗಿ ಮಂಡಿ ಹೇಗಿದೆ ಎಂದು ಬಾಯಿ ಬಿಟ್ಟು ಕೇಳು. ಗಾಡಿಯ ಜಾಗ ನಾನು ತೋರಿಸುತ್ತೇನೆ.

ಎಷ್ಟು ರಾತ್ರಿ ಇರುತ್ತೀರಿ ಎಂದು ಎಲ್ಲ ಮನೆಯವರೂ ಮೊದಲೇ ಕೇಳುತ್ತಾರಂತೆ. ಇಲ್ಲಿ ಕೇಳುವುದಿಲ್ಲ.

ಅಕ್ಕ